ಉಗಿಯಣ್ಣ ಪಾಳಿ ಒಪ್ಪಿಸಿದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಉಗಿಯಣ್ಣ ಎಂದೇ ಕರೆಯುತ್ತಿದ್ದರು. ಬಾಯ್ಲರ್ ನೋಡಿಕೊಳ್ಳುವವನು, ಇಡೀ ಕಟ್ಟಡಕ್ಕೆ ಉಗಿ ಕೊಡುವವನು, ಅದಕ್ಕೇ ಆ ಹೆಸರು. ಇಟ್ಟವರ ಮನಸ್ಸಿನಲ್ಲಿ ಮರ್ಯಾದೆಯೇ ಇತ್ತು. ಅದನ್ನು ಹೆಂಡತಿ ಒಪ್ಪಬೇಕಲ್ಲ! "ಸರಿಯಾಗೇ ಇಟ್ಟಿದ್ದಾರೆ. ದಿನಕ್ಕೊಂದ್ಸಲ ಯಾರಿಗಾದ್ರೂ ಉಗೀದೆ ಇದ್ರೆ ನಿಮಗೆ ತಿಂದಿದ್ದು ಅರಗಲ್ಲ" ಎನ್ನುತ್ತಿದ್ದಳು. ಅದೇನೂ ಸುಳ್ಳಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೆ, ಕಿಟಕಿಯ ಚಿಲಕ ಅರ್ಧ ಹಾಕಿದ್ದರೆ, ಕುಕ್ಕರಿನ ರಬ್ಬರು ಸವೆದಿದ್ದರೆ ಅವನು ಮನೆಯವರನ್ನೆಲ್ಲ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ. ಬಾಯಿ ನಿಂತ ಮೇಲೆ ತಾನೇ ಹೋಗಿ ಸ್ಕ್ರೂಡ್ರೈವರ್ ತಂದು ಎಲ್ಲವನ್ನೂ ಸರಿಮಾಡುತ್ತಿದ್ದ. ಕುಕ್ಕರ್ ಒಲೆಯ ಮೇಲಿದ್ದಷ್ಟು ಹೊತ್ತು ಮಾತ್ರ ಅವನಿಗೆ ಅಡುಗೆಮನೆಗೆ ಪ್ರವೇಶವಿರಲಿಲ್ಲ. ಪಕ್ಕದಲ್ಲೇ ನಿಂತು ಕುಕ್ಕರಿನ ಉಸಿರು ಎಣಿಸುವ ಗಂಡನನ್ನು ಇಟ್ಟುಕೊಂಡು ಯಾವ ಹೆಂಗಸು ತಾನೇ ಅಡುಗೆ ಮಾಡಿಯಾಳು?

ಮೀಸೆ ಸರಿಯಾಗಿ ಮೂಡುವ ಮೊದಲೇ ಬಾಯ್ಲರ್ ಮನೆಗೆ ಸೌದೆ ಹೊರಲು ಸೇರಿದವನು ಅವನು. ಸೌದೆ ಹೋಗಿ ಎಣ್ಣೆ ಬಂತು, ಹಳೆಯ ಬಾಯ್ಲರ್ ಹೋಗಿ ಹೊಸದು ಬಂತು, ಅವನು ಮಾತ್ರ ಅಲ್ಲೇ ಉಳಿದ. ಸರ್ಟಿಫಿಕೇಟಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದ. ಕೋಣೆ ನೆಲದಡಿಯಲ್ಲಿತ್ತು. ಇಳಿಯಲು ಕಬ್ಬಿಣದ ಮೆಟ್ಟಿಲು, ಮೂಲೆಯಲ್ಲಿ ನೀರು ತುಂಬುವ ಪಂಪು, ಗೋಡೆಗೆ ಒರಗಿಸಿದ ಬೆಂಚು, ನಡುವೆ ಆನೆ ಗಾತ್ರದ ಬಾಯ್ಲರ್. ಮೇಲಿನ ಮಹಡಿಯಲ್ಲಿ ರೋಗಿಗಳ ಹಾಸು ಹೊದಿಕೆಗಳು ಕುದಿಯುವುದು, ಒಣಗುವುದು, ಇಸ್ತ್ರಿಯಾಗುವುದು ಎಲ್ಲ ಇದರ ಉಗಿಯಿಂದಲೇ. ಬಾಯ್ಲರಿನ ಮುಂಭಾಗದಲ್ಲಿ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಲ್ಲಿಯವರೆಗಿದೆ ಎಂದು ತೋರಿಸುವುದು ಅದರ ಕೆಲಸ. ನೀರು ಕಡಿಮೆಯಾದರೆ ಬಾಯ್ಲರ್ ಬಾಂಬಿಗೆ ಸಮ. ಅದಕ್ಕಿಂತ ಅಪಾಯ ಎಂದರೆ ಕೊಳವೆಯ ದಾರಿಯಲ್ಲಿ ಕಸ ಕಟ್ಟಿಕೊಳ್ಳುವುದು. ಆಗ ಒಳಗೆ ನೀರಿಲ್ಲದಿದ್ದರೂ ಗಾಜಿನಲ್ಲಿ ನೀರು ಕಾಣುತ್ತಲೇ ಇರುತ್ತದೆ. ಆದ್ದರಿಂದ ಗಾಜನ್ನು ಬರೀ ನೋಡಿದರೆ ಸಾಲದು. ಕೆಳಗಿನ ತಿರುಪು ಬಿಚ್ಚಿ, ಇದ್ದ ನೀರನ್ನು ಬಿಟ್ಟು, ಮತ್ತೆ ಏರುತ್ತದೆಯೇ ಎಂದು ಕಾದು ನೋಡಬೇಕು.

ಪಾಳಿ ಬದಲಾಗುವಾಗ ಅಲ್ಲಿ ಒಂದು ಪದ್ಧತಿಯಿತ್ತು. ಮನೆಗೆ ಹೋಗುವವನು ಬಂದವನನ್ನು ಬಾಯ್ಲರಿನ ಸುತ್ತ ಕರೆದುಕೊಂಡು ಹೋಗಿ, ಎಲ್ಲ ತೋರಿಸಿ, "ನಿಂದು" ಎನ್ನಬೇಕು. ಬಂದವನು ಎಲ್ಲವನ್ನೂ ತಾನೇ ಮುಟ್ಟಿ ನೋಡಿ "ನಂದು" ಎನ್ನಬೇಕು. ಆ ಮಾತು ಬೀಳುವ ತನಕ ಹೋಗುವವನು ಮೆಟ್ಟಿಲ ಮೇಲೆ ಕಾಲಿಡುವಂತಿಲ್ಲ, ಮನೆಗೆ ಬೆಂಕಿ ಬಿದ್ದಿದ್ದರೂ ಅಷ್ಟೆ. ಆ ಮಾತು ಬಿದ್ದ ಮೇಲೆ ಅವನು ಒಂದು ತಿರುಪನ್ನೂ ಮುಟ್ಟುವಂತಿಲ್ಲ. ಒಂದು ಬಾಯ್ಲರಿಗೆ ಇಬ್ಬರು ಯಜಮಾನರು ಇರಬಾರದು ಎಂಬುದು ಲೆಕ್ಕ. ಉಗಿಯಣ್ಣನ ನಂತರದ ಪಾಳಿಗೆ ಬರುತ್ತಿದ್ದವನ ಅಡ್ಡಹೆಸರು ಗೊರಕೆ. ಈ ಗೊರಕೆ ಒಮ್ಮೆ ಮೆಟ್ಟಿಲಿಳಿಯುತ್ತಲೇ ಆಕಳಿಸಿ "ನಂದು, ನಂದು, ನೀನು ಹೊರಡು" ಎಂದುಬಿಟ್ಟ. ಉಗಿಯಣ್ಣ ಬಿಟ್ಟಾನೆಯೇ? ಕೊರಳಪಟ್ಟಿ ಹಿಡಿದು ಬಾಯ್ಲರಿನ ಮುಂದೆ ನಿಲ್ಲಿಸಿ, ತಿರುಪು ಬಿಚ್ಚಿಸಿ, ನೀರು ಏರುವುದನ್ನು ತೋರಿಸಿ, ಮತ್ತೊಮ್ಮೆ ಹೇಳಿಸಿದ. "ನೋಡದೆ ನಂದು ಅನ್ನೋನು ಕಳ್ಳನಿಗಿಂತ ಕಡೆ ಕಣೋ. ಕಳ್ಳ ವಸ್ತು ನೋಡಿಯಾದ್ರೂ ಎತ್ಕೊಂಡು ಹೋಗ್ತಾನೆ" ಎಂದು ಹೇಳಿ ಮನೆಗೆ ಹೋದ.

ಹೀಗಿರುವಾಗ ಆಸ್ಪತ್ರೆಯವರು ಬಟ್ಟೆಗಳನ್ನು ಹೊರಗೆ ಕೊಟ್ಟು ಒಗೆಸುವುದೆಂದು ತೀರ್ಮಾನಿಸಿದರು. ಲಾಂಡ್ರಿ ಮುಚ್ಚಿತು, ಬಾಯ್ಲರ್ ಗುಜರಿಗೆ ಹೋಯಿತು, ಗೊರಕೆ ಯಾವುದೋ ಗೋದಾಮಿನ ಕಾವಲಿಗೆ ಸೇರಿ ಹಾಯಾಗಿ ನಿದ್ದೆ ಮಾಡತೊಡಗಿದ. ಉಗಿಯಣ್ಣನಿಗೆ ಊರಲ್ಲಿ ಕೆಲಸ ಸಿಗಲಿಲ್ಲ. ಎಲ್ಲ ಕಡೆಯೂ ಗುಂಡಿ ಒತ್ತಿದರೆ ತಾನಾಗಿಯೇ ಬಿಸಿಯಾಗುವ ಪೆಟ್ಟಿಗೆಗಳು ಬಂದಿದ್ದವು. ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಸಿಕ್ಕಿದ್ದು ಪರದೇಶದ ಕೆಲಸ. ಸಮುದ್ರದ ನಡುವೆ ಒಂದು ಹಡಗು. ಅದು ಎಲ್ಲಿಗೂ ಹೋಗುವುದಿಲ್ಲ, ಸಮುದ್ರದ ತಳದಿಂದ ಬರುವ ಎಣ್ಣೆಯನ್ನು ಹೊಟ್ಟೆಗೆ ತುಂಬಿಸಿಕೊಳ್ಳುತ್ತ ನಿಂತಲ್ಲೇ ನಿಂತಿರುತ್ತದೆ. ಅದರಲ್ಲಿ ಬಾಯ್ಲರುಗಳಿವೆ. ಐದು ವಾರ ಅಲ್ಲಿ, ಐದು ವಾರ ಮನೆಯಲ್ಲಿ, ಮತ್ತೆ ಐದು ವಾರ ಅಲ್ಲಿ. ಇವನು ಮನೆಗೆ ಬಂದಾಗ ಇನ್ನೊಬ್ಬ ಹೋಗಿ ಇವನ ಕೆಲಸ ಮಾಡುತ್ತಾನೆ, ಇವನ ಮಂಚದಲ್ಲೇ ಮಲಗುತ್ತಾನೆ.

"ಅಂದ್ರೆ ವರ್ಷದಲ್ಲಿ ಅರ್ಧ ಗಂಡ, ಅರ್ಧ ಫೋನು" ಎಂದಳು ಹೆಂಡತಿ.

"ಇಷ್ಟು ದಿನ ಇಡೀ ಗಂಡ ಇದ್ದೆನಲ್ಲ, ಏನು ಸುಖ ಕಂಡೆ?"

"ಅದೂ ನಿಜ. ಅರ್ಧಕ್ಕೇ ಒಪ್ಕೊಂಡೆ, ಹೋಗಿ."

ಹೀಗೆ ನಗುತ್ತ ಒಪ್ಪಿದಳೇ ಹೊರತು ಬೇರೆ ದಾರಿಯೂ ಇರಲಿಲ್ಲ. ಲಾಂಡ್ರಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಲ್ಲಿ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುತ್ತಿದ್ದಳು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು.

ಉಗಿಯಣ್ಣನಿಗೆ ಹಡಗಿನ ಕೆಲಸಕ್ಕೆ ಮೊದಲು ತರಬೇತಿ ಕೊಟ್ಟರು. ಕಿತ್ತಳೆ ಬಣ್ಣದ ಅಂಗಿ ತೊಡಿಸಿ, ಎತ್ತರದ ಹಲಗೆಯ ಮೇಲೆ ನಿಲ್ಲಿಸಿ, ಮೂಗು ಹಿಡಿದುಕೊಂಡು ನೀರಿಗೆ ಹಾರು, ಹಡಗಿಗೆ ಬೆಂಕಿ ಬಿದ್ದರೆ ಹೀಗೇ ತಪ್ಪಿಸಿಕೊಳ್ಳಬೇಕು ಎಂದರು. ಅವನ ಜೀವಮಾನವಿಡೀ ನೀರು ಗಾಜಿನ ಕೊಳವೆಯೊಳಗೆ ಅಂಕೆಯಲ್ಲಿ ಇದ್ದ ವಸ್ತು. ಅದರೊಳಗೆ ತಾನೇ ಹೋಗಿ ಬೀಳುವುದು ಯಾವ ನ್ಯಾಯ ಎಂದು ಅವನಿಗೆ ಅರ್ಥವಾಗಲಿಲ್ಲ. ಮೂರು ಸಲ ಹಲಗೆಯಿಂದ ಹಿಂದೆ ಬಂದ. ನಾಲ್ಕನೆಯ ಸಲ ಹಿಂದಿನವನು ತಳ್ಳಿದ. ಮನೆಗೆ ಬಂದು ಮಾತ್ರ ತಾನೇ ಹಾರಿದೆ ಎಂದು ಹೇಳಿದ.

ಹೊರಡುವ ದಿನ ಗೊತ್ತಾಯಿತು. ಉಗಿಯಣ್ಣ ಮನೆಯ ಪಾಳಿ ಒಪ್ಪಿಸಲು ಶುರುಮಾಡಿದ. ರಜೆಯ ಬೆಳಿಗ್ಗೆ ಹೆಂಡತಿಯನ್ನು ಹಿಡಿದು ನಿಲ್ಲಿಸಿದ.

"ಬಾಡಿಗೆ ಕಟ್ಟೋದು. ನಿಂದು."

"ಮದುವೆ ಆದಾಗಿಂದ ನಂದೇ."

"ಗ್ಯಾಸ್ ಬುಕ್ ಮಾಡೋದು."

"ಅದೂ ನಂದೇ."

"ಸ್ಕೂಲ್ ಮೀಟಿಂಗು?"

"ಒಂದೇ ಒಂದ್ಸಲ ಹೋಗಿದ್ರಿ. ಪಕ್ಕದ ಕ್ಲಾಸಲ್ಲಿ ಕೂತು, ಯಾರದ್ದೋ ಮಗ ಚೆನ್ನಾಗಿ ಓದ್ತಾನೆ ಅಂತ ಕೇಳ್ಕೊಂಡು ಬಂದ್ರಿ."

ಒಂದೊಂದೇ ತೆಗೆದು ನೋಡಿದರೆ ಅವನದು ಅಂತ ಈ ಮನೆಯಲ್ಲಿ ಇದ್ದದ್ದೇ ಸ್ವಲ್ಪ. ಎತ್ತಿ ಹಿಡಿದರೆ ಮಾತ್ರ ಮುಚ್ಚುವ ಬಚ್ಚಲುಮನೆಯ ಬಾಗಿಲು, ತಟ್ಟಿದರೆ ಮಾತ್ರ ಓಡುವ ಪಂಪು, ತಾರಸಿಯ ಮೇಲಿನ ನೀರಿನ ತೊಟ್ಟಿ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದಳು, ಭುಜದವರೆಗೂ ಕೈ ಮುಳುಗಿಸಿ ತೊಟ್ಟಿಯ ತೇಲುಗುಂಡನ್ನು ಮುಟ್ಟಿ ನೋಡಿದಳು, ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕೇಳಿ ತಿಳಿದುಕೊಂಡಳು, ಆಮೇಲೆ "ನಂದು" ಎಂದಳು. ಉಗಿಯಣ್ಣನಿಗೆ ಹೆಮ್ಮೆಯಾಯಿತು. ಇವಳು ಲಾಂಡ್ರಿಯಲ್ಲಿ ಇದ್ದಿದ್ದರೆ ಗೊರಕೆಯ ಕಾಟವೇ ಇರುತ್ತಿರಲಿಲ್ಲ ಎನಿಸಿತು.

ಉಳಿದದ್ದು ಒಂದೇ. ಮಗಳ ಕಣ್ಣು.

ಮಗಳು ಚೂಟಿಗೆ ಆರು ವರ್ಷ. ಅವಳ ಎಡಗಣ್ಣು ನೋಡಲು ಲಕ್ಷಣವಾಗಿಯೇ ಇತ್ತು, ಆದರೆ ದುಡಿಯುತ್ತಿರಲಿಲ್ಲ. ಬಲಗಣ್ಣೇ ಎರಡರ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು. ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿದಾಗಲೇ ಮನೆಯವರಿಗೆ ಗೊತ್ತಾದದ್ದು. "ಇದಕ್ಕೆ ಸೋಮಾರಿ ಕಣ್ಣು ಅಂತಾರೆ" ಎಂದರು ಕಣ್ಣಿನ ಡಾಕ್ಟರಮ್ಮ. ಉಗಿಯಣ್ಣನ ತಾಯಿ, ಅಂದರೆ ಚೂಟಿಯ ಅಜ್ಜಿ, ಅಲ್ಲೇ ತಿರುಗಿಬಿದ್ದರು. "ಸೋಮಾರಿಗಳು ನಮ್ಮ ವಂಶದಲ್ಲೇ ಇಲ್ಲ. ಬೇಕಾದ್ರೆ ತಾಯಿ ಕಡೆಯಿಂದ ಬಂದಿರಬಹುದು." ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ, ಊಟವನ್ನೂ ಮಾಡದೆ ಓಡಿಬಂದಿದ್ದ ಚೂಟಿಯ ತಾಯಿ ಅತ್ತೆಯ ಮುಖವನ್ನೊಮ್ಮೆ ನೋಡಿ, ಕುರ್ಚಿಯನ್ನು ಡಾಕ್ಟರಮ್ಮನ ಕಡೆಗೆ ಎಳೆದುಕೊಂಡಳು.

ಮದ್ದು ಇದ್ದದ್ದು ಇಷ್ಟೆ. ಕನ್ನಡಕ ಹಾಕಬೇಕು. ದಿನಾ ಶಾಲೆಯಿಂದ ಬಂದ ಮೇಲೆ ಸಂಜೆಯವರೆಗೆ ಚೆನ್ನಾಗಿರುವ ಕಣ್ಣಿಗೆ ಅಂಟುಪಟ್ಟಿ ಹಾಕಿ ಮುಚ್ಚಬೇಕು. ಆಗ ಎಡಗಣ್ಣು ಬೇರೆ ದಾರಿಯಿಲ್ಲದೆ ಕೆಲಸ ಕಲಿಯುತ್ತದೆ. ಆ ಹೊತ್ತಿನಲ್ಲಿ ಮಗು ಸಣ್ಣ ಸಣ್ಣ ವಸ್ತುಗಳನ್ನು ನೋಡುತ್ತಿರಬೇಕು. "ಕಲಿಯೋದಾದ್ರೆ ಈ ವಯಸ್ಸಲ್ಲಿ ಕಲೀಬೇಕು. ದೊಡ್ಡವಳಾದ್ಮೇಲೆ ಏನು ಮಾಡಿದ್ರೂ ದೃಷ್ಟಿ ಬರೋದು ಕಷ್ಟ. ಒಂದು ದಿನಾನೂ ತಪ್ಪಿಸ್ಬೇಡಿ" ಎಂದು ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದರು.

ಲಾಂಡ್ರಿ ಮುಚ್ಚಿದ ಮೇಲೆ ಮಧ್ಯಾಹ್ನ ಮನೆಯಲ್ಲಿರುತ್ತಿದ್ದವನು ಉಗಿಯಣ್ಣ, ಹಾಗಾಗಿ ಇದು ಅವನ ಪಾಳಿಯಾಯಿತು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮೋಟು ಮೇಜು ಹಾಕಿಕೊಂಡು ಅಪ್ಪ ಮಗಳು ಕೂರುತ್ತಿದ್ದರು. ಅವನ ಹಳೆಯ ಡಬ್ಬಿಯಲ್ಲಿದ್ದ ನಟ್ಟು, ವಾಷರು, ಮೊಳೆಗಳನ್ನೆಲ್ಲ ಸುರಿದು ಅಳತೆ ನೋಡಿ ಬೇರೆ ಬೇರೆ ಮಾಡುವುದು ಅವಳ ಕೆಲಸ. ಮೊದಮೊದಲು ಚೂಟಿ ಗೋಳಾಡುತ್ತಿದ್ದಳು. "ಎಲ್ಲಾ ಮಂಜು ಮಂಜು ಅಪ್ಪ, ತೆಗಿ ಅಪ್ಪ" ಎಂದು ಕಾಲು ಬಡಿಯುತ್ತಿದ್ದಳು. ಅವನು ಜಗ್ಗಲಿಲ್ಲ. ಕ್ರಮೇಣ ಅವಳ ಅಳು ನಿಂತಿತು. ನಟ್ಟುಗಳನ್ನು ಚಕಚಕನೆ ಬೇರೆ ಮಾಡಿ ಕೊಡತೊಡಗಿದಳು. ಆದರೂ ಡಾಕ್ಟರಮ್ಮ ಪರೀಕ್ಷೆ ಮಾಡಿದಾಗಲೆಲ್ಲ "ಇಷ್ಟು ತಿಂಗಳಿಗೆ ಇನ್ನೂ ಸುಧಾರಿಸಬೇಕಿತ್ತಲ್ಲ" ಎನ್ನುತ್ತಿದ್ದರು. ಪಟ್ಟಿ ಹಾಕೋದು ತಪ್ಪಿಸ್ತೀರಾ ಎಂದು ಕೇಳಿದರೆ ಉಗಿಯಣ್ಣನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಪಾಳಿ ತಪ್ಪಿಸಿದವನು ಎಂದು ಈವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ಆ ಪಾಳಿಯನ್ನು ತಾಯಿಗೆ ಒಪ್ಪಿಸಲು ಹೋದ. ಅಜ್ಜಿ ಮಾತು ಮುಗಿಸಲೂ ಬಿಡಲಿಲ್ಲ.

"ಅದಕ್ಯಾಕಪ್ಪ ಇಷ್ಟು ಪೀಠಿಕೆ? ನಂದು. ನೀನು ನಿಶ್ಚಿಂತೆಯಾಗಿ ಹೋಗು."

"ಅಮ್ಮ, ಪಟ್ಟಿ ಹೆಂಗೆ ಹಾಕೋದು ಅಂತ ನೋಡೇ ಇಲ್ಲ ನೀನು."

"ನಿನ್ನಂಥೋನನ್ನೇ ಸಾಕಿ ಬೆಳೆಸಿದ್ದೀನಿ, ಒಂದು ಪಟ್ಟಿ ಅಂಟಿಸಕ್ಕೆ ಬರಲ್ವಾ?"

ಉಗಿಯಣ್ಣನಿಗೆ ಗೊರಕೆಯ ನೆನಪಾಯಿತು. ಆದರೆ ಹೆತ್ತ ತಾಯಿಯ ಕೊರಳಪಟ್ಟಿ ಹಿಡಿಯಲಾಗುತ್ತದೆಯೇ? ಪರೀಕ್ಷೆ ಮಾಡಿಬಿಡೋಣ ಎಂದುಕೊಂಡು ಮಾರನೆಯ ಮಧ್ಯಾಹ್ನ ಪಟ್ಟಿಯ ಡಬ್ಬಿಯನ್ನು ಅವರ ಕೈಗೆ ಕೊಟ್ಟು, ಹಡಗಿನ ಕೆಲಸ ಕೊಡಿಸಿದ ಏಜೆಂಟನ ಆಫೀಸಿಗೆ ಹೋಗುತ್ತೇನೆಂದು ಹೇಳಿ, ಎದುರು ಬೀದಿಯಲ್ಲಿ ಒಂದು ಚಹಾ ಕುಡಿದು ಹಿಂದಿರುಗಿದ. ಬಾಗಿಲು ತೆಗೆದರೆ ಕಂಡದ್ದು ಇದು. ಅಂಟುಪಟ್ಟಿ ಅಜ್ಜಿಯ ಬಲಗಣ್ಣ ಮೇಲಿತ್ತು. ಅಜ್ಜಿ ಪೊರೆ ಬಂದ ಎಡಗಣ್ಣೊಂದನ್ನೇ ನಂಬಿ, ಎರಡೂ ಕೈ ಚಾಚಿಕೊಂಡು ಕುರ್ಚಿಗೆ ಎಡವುತ್ತ ಕೋಣೆಯ ತುಂಬ ತಡಕಾಡುತ್ತಿದ್ದರು. ಚೂಟಿ ಎರಡೂ ಕಣ್ಣು ಅರಳಿಸಿಕೊಂಡು "ಇಲ್ಲಿದೀನಿ, ಇಲ್ಲಿದೀನಿ" ಎಂದು ಕೇಕೆ ಹಾಕುತ್ತ ಓಡುತ್ತಿದ್ದಳು.

ಆ ದಿನ ಬಿದ್ದ ಉಗಿತ ಪಕ್ಕದ ಮನೆಗೂ ಕೇಳಿಸಿರಬೇಕು. ಅಜ್ಜಿ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಪಟ್ಟಿಯನ್ನು ಮೆಲ್ಲನೆ ಕಿತ್ತುಕೊಂಡರು, ಅದರ ಜೊತೆ ಹುಬ್ಬಿನ ನಾಲ್ಕು ಕೂದಲೂ ಬಂದವು.

"ಆ ಮಗು ಅತ್ರೆ ಪಟ್ಟಿ ಕೀಳದೆ ನನ್ನ ಕೈ ಸುಮ್ನಿರಲ್ಲ ಕಣೋ" ಎಂದರು. "ಮಂಜು ಮಂಜು ಅಂತಲ್ಲ, ಹೆಂಗಿರುತ್ತೋ ನೋಡೋಣ ಅಂತ ಹಾಕ್ಕೊಂಡೆ. ಬಾಯಿ ಮಾತಿಗೆ ಹೇಳ್ಬಿಟ್ಟೆ, ತಪ್ಪಾಯ್ತು. ಇದು ನನ್ನಿಂದ ಆಗಲ್ಲ. ಇದು ನಂದಲ್ಲ."

ಇಷ್ಟು ನೆಟ್ಟಗೆ ಹೇಳಿದವರ ಮೇಲೆ ಇನ್ನೇನು ಕೂಗುವುದು? ಉಗಿಯಣ್ಣ ಒಳಗೆ ಹೋಗಿ ತಾಯಿಗೆ ಒಂದು ಲೋಟ ನೀರು ತಂದುಕೊಟ್ಟ.

ಹೆಂಡತಿ ಕಾರ್ಖಾನೆಯಲ್ಲಿ ಬೇಗ ಬಿಡುವ ಪಾಳಿ ಕೇಳಿದಳು. ಸಿಗಲಿಲ್ಲ. ಮನೆಗೆ ಬಂದ ಮೇಲೆ ಪಟ್ಟಿ ಹಾಕಿ ನೋಡಿದಳು. ದಣಿದ ಮಗು ನಟ್ಟಿನ ರಾಶಿಯ ಮೇಲೇ ತಲೆಯಿಟ್ಟು ಮಲಗಿಬಿಟ್ಟಿತು. ನಿದ್ದೆ ಮಾಡುವ ಕಣ್ಣು ಏನು ಕಲಿತೀತು? ಎರಡು ಸಂಜೆ ಹೀಗೇ ಆಯಿತು. ಮೂರನೆಯ ಸಂಜೆ ಉಗಿಯಣ್ಣ ಊಟದ ತಟ್ಟೆಯ ಮುಂದೆ ಕೂತು, "ಬೇಡ ಬಿಡು, ನಾನು ಹೋಗಲ್ಲ" ಎಂದ. "ಬದಲಿ ಇಲ್ಲದೆ ಪಾಳಿ ಬಿಟ್ಟು ಹೋದೋನಲ್ಲ ನಾನು. ಕೆಲಸ ಇಲ್ಲೇ ಏನಾದ್ರೂ ಸಿಗುತ್ತೆ. ನಾಳೆ ಏಜೆಂಟಿಗೆ ಹೇಳಿ ಬರ್ತೀನಿ."

ಹೇಳಿದವನು ಎರಡನೆಯ ಸಲ ಅನ್ನ ಬಡಿಸಿಕೊಂಡ. ವಾರದಿಂದ ಸರಿಯಾಗಿ ಊಟ ಮಾಡದವನು ಆ ದಿನ ತಟ್ಟೆ ಬಳಿದು ತಿಂದ. ಹೆಂಡತಿ ಸೌಟು ಹಿಡಿದುಕೊಂಡೇ ನೋಡುತ್ತಿದ್ದಳು.

"ಖುಷಿ ಆಗಿದೆ ಅಲ್ವಾ ನಿಮಗೆ?"

"ಖುಷಿ ಯಾಕೆ?"

"ಅಮ್ಮನ ಕೈಲಿ ಆಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ನನಗೆ ಪಾಳಿ ಸಿಗಲ್ಲ ಅಂತಾನೂ ಗೊತ್ತಿತ್ತು. ಯಾರಾದ್ರೂ ನಂದು ಅಂದ್ಬಿಟ್ಟಾರು ಅಂತ ಹೆದರ್ಕೊಂಡು ಕೂತಿದ್ರಿ."

ನಿಜ ಅದೇ ಆಗಿತ್ತು. ತರಬೇತಿಯಲ್ಲಿ ಆ ಹಲಗೆಯ ಮೇಲೆ ನಿಂತಾಗ ಅವನಿಗೆ ಹೆದರಿಕೆ ಹುಟ್ಟಿಸಿದ್ದು ನೀರು ಮಾತ್ರ ಅಲ್ಲ. ಕಿಟಕಿಯ ಕೆಳಗಿನ ಆ ಮಧ್ಯಾಹ್ನಗಳು ಇನ್ನು ತನಗಿಲ್ಲ ಎಂಬುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ತಾನಿಲ್ಲದೆ ಮಗಳ ಕಣ್ಣು ಹಾಳಾಗುತ್ತದೆ ಎಂಬ ಭಯ ಒಂದು ಕಡೆ. ತಾನಿಲ್ಲದೆಯೂ ಅದು ಸರಿಹೋದರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ತಟ್ಟೆಯಲ್ಲೇ ಕೈ ತೊಳೆದುಬಿಟ್ಟ.

ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಚೂಟಿ ಬಾಗಿಲಲ್ಲಿ ಅಡ್ಡ ನಿಂತಳು.

"ನೀನು ಅಜ್ಜೀನ ಕೇಳ್ದೆ. ಅಮ್ಮನ್ನ ಕೇಳ್ದೆ. ನನ್ನ ಯಾಕೆ ಕೇಳ್ಲಿಲ್ಲ?"

"ಏನನ್ನ?"

"ಕಣ್ಣು ಯಾರ್ದು?"

"ನಿಂದು" ಎಂದ ಉಗಿಯಣ್ಣ. ಎಂದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿತು. ಹೆಂಡತಿ ಊಟದ ಡಬ್ಬಿ ಕಟ್ಟುವುದನ್ನು ನಿಲ್ಲಿಸಿ ಇತ್ತ ನೋಡಿದಳು.

"ಹಂಗೆಲ್ಲ ಸುಮ್ನೆ ಕೊಡಕ್ಕಾಗಲ್ಲ" ಎಂದು ಅವನು ಮೆಟ್ಟಿದ್ದ ಚಪ್ಪಲಿ ಕಳಚಿದ. "ಮುಟ್ಟಿ ನೋಡಿ ತಗೋಬೇಕು. ಮಧ್ಯಾಹ್ನ ಸ್ಕೂಲಿಂದ ಬಾ, ನೋಡೋಣ."

ಏಜೆಂಟನ ಆಫೀಸಿನ ಕಡೆ ಅವನು ಹೋಗಲಿಲ್ಲ. ಚೂಟಿ ಶಾಲೆಯಿಂದ ಬಂದಳು, ಕೈ ತೊಳೆದಳು, ಮೇಜಿನ ಮುಂದೆ ಕೂತಳು. ಅವನು ಬಾಯ್ಲರನ್ನು ಒಪ್ಪಿಸುವಂತೆಯೇ ಒಪ್ಪಿಸಿದ. ರೆಪ್ಪೆಯ ಸುತ್ತ ಬೆವರಿದ್ದರೆ ಪಟ್ಟಿ ಅಂಟುವುದಿಲ್ಲ, ಮೊದಲು ಒರೆಸಬೇಕು. ಕಣ್ಣು ಮುಚ್ಚಿಕೊಂಡು ಹಾಕಬೇಕು. ಅಗಲದ ತುದಿ ಕಿವಿಯ ಕಡೆ ಬರಬೇಕು, ಅಂಚನ್ನೆಲ್ಲ ಬೆರಳಿನಿಂದ ಒತ್ತಬೇಕು. ಒತ್ತಿ ತೋರಿಸಿ, "ನೋಡು, ಎಲ್ಲೂ ಸಂದಿಲ್ಲ. ಬೆಳಕು ಒಳಗೆ ಹೋಗಲ್ಲ" ಎಂದ.

ಚೂಟಿ ಪಟ್ಟಿಯ ಅಂಚನ್ನೊಮ್ಮೆ ಸವರಿದಳು. ಆಮೇಲೆ ಮೂಗಿನ ಪಕ್ಕಕ್ಕೆ ಬೆರಳಿಟ್ಟಳು.

"ಇಲ್ಲಿಂದ ಹೋಗತ್ತೆ."

"ಎಲ್ಲಿಂದ?"

"ಮೂಗಿನ ಹತ್ರ. ನಾನು ಮೂಗು ಹಿಂಗೆ ಸುಕ್ಕು ಮಾಡಿದ್ರೆ ಪಟ್ಟಿ ಮೇಲೆ ಬರತ್ತೆ. ತಲೆ ಹಿಂಗೆ ಓರೆ ಮಾಡಿದ್ರೆ ನಟ್ಟು ಎಲ್ಲಾ ಕಾಣತ್ತೆ. ಒಳ್ಳೆ ಕಣ್ಣಲ್ಲಿ."

ಮಾಡಿ ತೋರಿಸಿದಳು. ಮೂಗು ಮುದುಡಿತು, ಪಟ್ಟಿಯ ಅಂಚು ಎದ್ದಿತು, ಒಳಗಿಂದ ಬಲಗಣ್ಣು ಮಿಣಕ್ಕೆಂದು ಅವನನ್ನು ನೋಡಿತು. ಅಳು ನಿಂತದ್ದು ಯಾಕೆ, ನಟ್ಟುಗಳು ಚಕಚಕನೆ ಬೇರೆಯಾದದ್ದು ಹೇಗೆ, ಡಾಕ್ಟರಮ್ಮ ತಲೆ ಅಲ್ಲಾಡಿಸಿದ್ದು ಯಾಕೆ ಎಲ್ಲ ಅವನಿಗೆ ಒಟ್ಟಿಗೇ ಗೊತ್ತಾಯಿತು. ಇಷ್ಟು ತಿಂಗಳೂ ಅವನು ಗಾಜು ನೋಡಿ ನೀರಿದೆ ಎಂದು ನಂಬಿ ಕೂತಿದ್ದ. ಗೊರಕೆ ಮೆಟ್ಟಿಲ ಮೇಲೆ ಮಾಡಿದ ತಪ್ಪನ್ನು ಇವನು ಮಗಳ ಮುಖದ ಮುಂದೆ ಕೂತು, ಕಣ್ಣು ಬಿಟ್ಟುಕೊಂಡೇ ಮಾಡಿದ್ದ. ಉಗಿಯಬೇಕೆಂದರೆ ತನಗೇ ಉಗಿದುಕೊಳ್ಳಬೇಕು.

ಚೂಟಿ ಡಬ್ಬಿಯಿಂದ ಹೊಸ ಪಟ್ಟಿ ತೆಗೆದುಕೊಂಡಳು. ಗೋಡೆಯ ಕನ್ನಡಿಯ ಮುಂದೆ ಸ್ಟೂಲು ಹತ್ತಿ ನಿಂತು, ಕನ್ನಡಕ ತೆಗೆದು, ಅಪ್ಪ ಹಾಕಿದ್ದನ್ನು ಕಿತ್ತು, ಹೊಸದನ್ನು ಮೂಗಿನ ಏಣಿನ ಮೇಲಕ್ಕೇ ಎಳೆದು ಅಂಟಿಸಿದಳು. ಮೂಗು ಸುಕ್ಕು ಮಾಡಿ ನೋಡಿದಳು. ತಲೆಯನ್ನು ಎಡಕ್ಕೆ ಓರೆ ಮಾಡಿದಳು, ಬಲಕ್ಕೆ ಓರೆ ಮಾಡಿದಳು. ಮೇಲೆ ಒಂಚೂರು ಬೆಳಕು ಬಂತೆಂದು ಕಾಣುತ್ತದೆ, ಅಲ್ಲಿ ಮತ್ತೆ ಒ‍ತ್ತಿದಳು. ಕನ್ನಡಕ ಹಾಕಿಕೊಂಡು ಸ್ಟೂಲಿನಿಂದ ಇಳಿಯುವಾಗ ಕಾಲು ತಪ್ಪಿತು, ಮೇಜಿನ ಅಂಚು ಹಿಡಿದುಕೊಂಡು ನಿಂತಳು.

"ಈಗ ನಿಜವಾಗ್ಲೂ ಮಂಜು" ಎಂದಳು. ತಡವಿಕೊಂಡು ತನ್ನ ಜಾಗದಲ್ಲಿ ಕೂತಳು. "ನಂದು."

ಆ ದಿನದಿಂದ ಉಗಿಯಣ್ಣನ ಕಷ್ಟ ಶುರುವಾಯಿತು. ನಿಜವಾಗಿ ಮುಚ್ಚಿದ ಪಟ್ಟಿಯ ಹಿಂದೆ ಮಗಳಿಗೆ ದೊಡ್ಡ ನಟ್ಟೂ ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿ ಹುಡುಕುತ್ತಿದ್ದಳು, ಒಂದನ್ನು ತೆಗೆದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು, ತಪ್ಪು ರಾಶಿಗೆ ಹಾಕಿ, ತಪ್ಪೆಂದು ತಿಳಿದು, ಮತ್ತೆ ತೆಗೆಯುತ್ತಿದ್ದಳು. ಕೆಲವು ದಿನ ಅಳುತ್ತಿದ್ದಳು. ಅತ್ತರೆ ಪಟ್ಟಿಯ ಅಂಟು ಬಿಡುತ್ತಿತ್ತು, ಎದ್ದು ಹೋಗಿ ಹೊಸದು ಹಾಕಿಕೊಂಡು ಬಂದು ಮತ್ತೆ ಕೂರುತ್ತಿದ್ದಳು. ಅಜ್ಜಿ ಇದನ್ನು ನೋಡಲಾಗದೆ ಆ ಹೊತ್ತಿಗೆ ತಾರಸಿಗೆ ಹೋಗಿಬಿಡುತ್ತಿದ್ದರು. ಉಗಿಯಣ್ಣ ಮಾತ್ರ ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎದುರಿಗೇ ಕೂತಿರುತ್ತಿದ್ದ. ಒಮ್ಮೆ ಪಟ್ಟಿಯ ತುದಿ ಎದ್ದದ್ದು ಕಂಡು ಅವನ ಕೈ ತಾನಾಗಿ ಹೋಯಿತು. ಚೂಟಿ ಚಟಾರೆಂದು ಹೊಡೆದಳು.

"ಮುಟ್ಬೇಡ. ಬಾಯಲ್ಲಿ ಹೇಳು."

"ತುದಿ ಎದ್ದಿದೆ."

"ಗೊತ್ತು" ಎಂದು ಒತ್ತಿಕೊಂಡಳು. ಉಗಿಯಣ್ಣ ಆ ಕೈಯನ್ನು ಉಜ್ಜಿಕೊಂಡು ಮತ್ತೆ ಮಂಡಿಗಳ ನಡುವೆ ಸಿಕ್ಕಿಸಿಕೊಂಡ.

ಹೊರಡುವ ದಿನ ಗಾಡಿ ಬಂದದ್ದು ಮಧ್ಯಾಹ್ನ. ಬೀದಿ ಇಕ್ಕಟ್ಟು, ಹಾಗಾಗಿ ಅದು ತಿರುವಿನಲ್ಲೇ ನಿಂತು ಹಾರನ್ ಹೊಡೆಯಿತು. ಹೆಂಡತಿ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದ್ದಳು. ಚೂಟಿ ಆಗಲೇ ಪಟ್ಟಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದಳು, ಕರೆದ ಮೇಲೆ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಅಜ್ಜಿಗೆ ತಡೆಯಲಾಗಲಿಲ್ಲ.

"ಈವತ್ತೊಂದಿನ ಆ ಪಟ್ಟಿ ತೆಗಿಯಮ್ಮ. ಅಪ್ಪನ ಮುಖಾನಾದ್ರೂ ಸರಿಯಾಗಿ ನೋಡು."

ಉಗಿಯಣ್ಣನಿಗೂ ಅದೇ ಬೇಕಾಗಿತ್ತು. ಬಾಯಿಬಿಟ್ಟು ಹೇಳಲು ಈಗ ಅವನಿಗೆ ಅಧಿಕಾರವಿರಲಿಲ್ಲ. ಚೂಟಿ ಅವನ ಅಂಗಿ ಹಿಡಿದು ಬಗ್ಗಿಸಿದಳು. ನಟ್ಟನ್ನು ನೋಡುವಂತೆ ಅವನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು ಹಣೆಯಿಂದ ಗಲ್ಲದವರೆಗೂ ನೋಡಿದಳು.

"ಕಾಣತ್ತೆ" ಎಂದಳು ಅಜ್ಜಿಗೆ. "ಕ್ಷೌರ ಮಾಡ್ಕೊಳ್ವಾಗ ಇಲ್ಲಿ ಬಿಟ್ಟಿದಾನೆ."

ಹೆಂಡತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಹೋಗಿ ಬನ್ನಿ. ನೀರಿಗೆ ಮಾತ್ರ ಹಾರ್ಬೇಡಿ" ಎಂದಳು. ಅವನು ತಾಯಿಯ ಕೈ ಹಿಡಿದು, ಮಗಳ ತಲೆ ಸವರಿ, ಕಪ್ಪು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಬೀದಿಯುದ್ದಕ್ಕೂ ಹಿಂದಿನಿಂದ ಚೂಟಿಯ ದನಿ ಬರುತ್ತಿತ್ತು. "ಕಾಣ್ತಿದೀಯ ಅಪ್ಪ! ಇನ್ನೂ ಕಾಣ್ತಿದೀಯ!" ಹಿಂದಿರುಗಿ ನೋಡಿದರೆ ಕಾಲು ಮುಂದೆ ಹೋಗುವುದಿಲ್ಲ ಎಂದು ಗೊತ್ತಿದ್ದರಿಂದ ಅವನು ಗಾಡಿಯ ಬಾಗಿಲು ಹಿಡಿದುಕೊಂಡ ಮೇಲೆಯೇ ತಿರುಗಿದ.

ಚೂಟಿ ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತು ಜೋರಾಗಿ ಕೈ ಬೀಸುತ್ತಿದ್ದಳು. ಬೀಸುತ್ತಿದ್ದದ್ದು ಅವನ ಕಡೆಗಲ್ಲ. ಬೀದಿಯ ಇನ್ನೊಂದು ತುದಿಯಲ್ಲಿ, ಕೊಳಾಯಿ ರಿಪೇರಿ ಮಾಡುವವನೊಬ್ಬ ಕಪ್ಪು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಅವಳ ಮುಖ, ಅವಳ ನಗು, ಅವಳ ಕೈ ಎಲ್ಲ ಅವನತ್ತ ಇತ್ತು. ಹಿಂದೆ ನಿಂತ ಹೆಂಡತಿಗೆ ಗೊತ್ತಾಗಿ ಅವಳು ಮಗಳ ಭುಜಕ್ಕೆ ಕೈ ಹಾಕಿದಳು, ಈ ಕಡೆ ತಿರುಗಿಸುವವಳಿದ್ದಳು. ಉಗಿಯಣ್ಣ ದೂರದಿಂದಲೇ ಬೇಡ ಎಂದು ತಲೆಯಲ್ಲಾಡಿಸಿದ. ಅವನಿಗೆ ಅಳು ಬಂತು, ಡ್ರೈವರ್ ನೋಡುತ್ತಿದ್ದರೂ ತಡೆಯಲಿಲ್ಲ. ಕೊಳಾಯಿಯವನು ಕೂಗು ಕೇಳಿ ಹಿಂದಿರುಗಿದ. ಕಣ್ಣಿಗೆ ಪಟ್ಟಿ ಹಾಕಿಕೊಂಡ ಗುರುತಿಲ್ಲದ ಮಗುವೊಂದು ತನಗೆ ಕೈ ಬೀಸುತ್ತಿರುವುದನ್ನು ಕಂಡ. ಚೀಲವನ್ನು ನೆಲಕ್ಕಿಳಿಸಿ ತಾನೂ ಕೈಯೆತ್ತಿದ. ಅವಳಿಗೆ ಸಾಕಾಗುವವರೆಗೂ ಆ ಪುಣ್ಯಾತ್ಮ ಕೈ ಬೀಸುತ್ತಲೇ ಇದ್ದ.